ಹೆಸರು ಒಂದು, ಹಾವು ಎರಡು: ಕೊಕ್ಕಿನ ಕಡಲ ಹಾವಿನ ವಿಳಾಸ ಹುಡುಕಿದ ಕಥೆ

(ಪಾಡ್‌ಕಾಸ್ಟ್ ಎಪಿಸೋಡ್‌ನ ಬರಹ ರೂಪ)

ಕೊಡ್ಲಿಪೇಟೆಯಿಂದ ಮಾತಾಡ್ತಾ ಇದೀನಿ. ಇವತ್ತಿನ ವಿಷಯ ಕಡಲ ಹಾವು.

ಕೊಡಗಿಗೂ ಕಡಲಿಗೂ ಏನು ಸಂಬಂಧ ಅಂತ ಕೆಲವರು ಈಗಾಗಲೇ ನಗ್ತಾ ಇರ್ತೀರ. ಸಂಬಂಧ ಇದೆ, ನೀರಿನ ಸಂಬಂಧ. ನಮ್ಮ ಸೋಮವಾರಪೇಟೆ ತಾಲ್ಲೂಕಿನ ಮ್ಯಾಪ್ ಒಂದು ಸಲ ನೆನಪು ಮಾಡ್ಕೊಳ್ಳಿ. ಕೊಡ್ಲಿಪೇಟೆ ಕಡೆ ಬಿದ್ದ ಮಳೆ ಹಳ್ಳ ಹಿಡಿದು ಹೇಮಾವತಿ ಸೇರತ್ತೆ. ಹೇಮಾವತಿ ಗೊರೂರು ಡ್ಯಾಮ್ ದಾಟಿ, ಕೆಆರ್‌ಎಸ್ ಹಿನ್ನೀರಿನ ಹತ್ತಿರ ಕಾವೇರಿಗೆ ಸೇರಿ, ಕೊನೆಗೆ ತಮಿಳುನಾಡಿನ ಪೂಂಪುಹಾರ್‌ನಲ್ಲಿ ಬಂಗಾಳ ಕೊಲ್ಲಿಗೆ ಹೋಗತ್ತೆ. ಅದೇ ತಾಲ್ಲೂಕಿನ ಪುಷ್ಪಗಿರಿ ಬೆಟ್ಟದ ಕಡೆ ಬಿದ್ದ ಮಳೆ ಕುಮಾರಧಾರೆಯಾಗಿ ಸುಬ್ರಹ್ಮಣ್ಯಕ್ಕೆ ಇಳಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರಿ, ಮಂಗಳೂರಲ್ಲಿ ಅರಬ್ಬಿ ಸಮುದ್ರಕ್ಕೆ ಹೋಗತ್ತೆ. ಒಂದೇ ತಾಲ್ಲೂಕಿನ ಮಳೆ, ಎರಡು ಕಡಲಿಗೆ.

ಈ ಎರಡೂ ಕಡಲಿನ ತೀರದಲ್ಲಿ, ನದಿ ಬಂದು ಸೇರೋ ಕೆಸರು ನೀರನ್ನ ಇಷ್ಟಪಡೋ ಒಂದು ಹಾವಿದೆ. ವಿಜ್ಞಾನದ ಹೆಸರು ಹೈಡ್ರೋಫಿಸ್ ಶಿಸ್ಟೋಸಸ್. ಮೇಲ್ತುಟಿಯ ತುದಿ ಗಿಣಿ ಮೂಗಿನ ಹಾಗೆ ಸ್ವಲ್ಪ ಮುಂದೆ ಬಾಗಿರತ್ತೆ. ಅದಕ್ಕೆ ಈ ಎಪಿಸೋಡ್‌ನಲ್ಲಿ ಇದನ್ನ ಕೊಕ್ಕಿನ ಕಡಲ ಹಾವು ಅಂತ ಕರೆಯೋಣ.

ಸುಮಾರು ಎರಡು ಶತಮಾನ ವಿಜ್ಞಾನಿಗಳು ಈ ಹಾವು ಪರ್ಷಿಯನ್ ಕೊಲ್ಲಿಯಿಂದ ಆಸ್ಟ್ರೇಲಿಯಾದವರೆಗೂ ಇದೆ ಅಂತ ನಂಬಿದ್ರು. 2013ರಲ್ಲಿ ಗೊತ್ತಾಯ್ತು, ಅದು ಒಂದು ಹಾವಲ್ಲ, ಎರಡು. ಹೆಸರು ಬದಲಾದ್ರೆ ನಮಗೇನು ಅನ್ನಬೇಡಿ. ಹಾವಿನ ಹೆಸರು, ಅದು ಎಲ್ಲಿ ಇರತ್ತೆ ಅನ್ನೋ ಮ್ಯಾಪು, ಮತ್ತು ಕಚ್ಚಿದಾಗ ಕೊಡೋ ಔಷಧಿ, ಈ ಮೂರೂ ಒಂದಕ್ಕೊಂದು ಗಂಟು ಹಾಕ್ಕೊಂಡಿವೆ. ಇವತ್ತು ಆ ಗಂಟನ್ನ ಬಿಡಿಸೋಣ.

ಮೊದಲು, ಕಡಲ ಹಾವು ಅಂದ್ರೆ ಯಾವುದು?

ಮೀನು ಮಾರ್ಕೆಟ್‌ನಲ್ಲಿ ಹಾವು ಮೀನು ನೋಡಿರ್ತೀರ. ಅದು ಮೀನೇ. ಅದಕ್ಕೆ ಕಿವಿರು ಇದೆ, ಬೆನ್ನಿನ ಉದ್ದಕ್ಕೂ ರೆಕ್ಕೆ ಇದೆ, ಮೈ ಲೋಳೆ ಲೋಳೆ. ಕಡಲ ಹಾವಿಗೆ ಕಿವಿರಿಲ್ಲ, ರೆಕ್ಕೆ ಇಲ್ಲ. ನಮ್ಮ ತೋಟದ ಹಾವಿನ ಹಾಗೆ ಮೈ ತುಂಬಾ ಹುರುಪೆ. ಗಾಳಿ ಕುಡಿಯೋಕೆ ನೀರಿನ ಮೇಲೆ ಬರಲೇಬೇಕು. ಗುರುತು ಹಿಡಿಯೋಕೆ ಸುಲಭದ ದಾರಿ ಬಾಲ ನೋಡೋದು. ದೋಣಿಯ ಹುಟ್ಟನ್ನ ನಿಲ್ಲಿಸಿ ಹಿಡಿದ ಹಾಗೆ, ಎರಡೂ ಪಕ್ಕದಿಂದ ಒತ್ತಿ ಚಪ್ಪಟೆ ಮಾಡಿದ ಬಾಲ. ಭೂಮಿ ಮೇಲಿನ ಯಾವ ಹಾವಿಗೂ ಇಂಥ ಬಾಲ ಇಲ್ಲ.

ಒಳಗೂ ಬದಲಾವಣೆ ಇದೆ. ಮೂಗಿನ ಹೊಳ್ಳೆಗೆ ಮುಚ್ಚಳ ಇದೆ, ಮುಳುಗಿದಾಗ ಮುಚ್ಕೊಳತ್ತೆ. ಶ್ವಾಸಕೋಶ ಒಂದೇ, ಆದ್ರೆ ಹೆಚ್ಚುಕಡಿಮೆ ಮೈಯಷ್ಟೇ ಉದ್ದ. ನಾಲಿಗೆ ಕೆಳಗೆ ಉಪ್ಪು ಹೊರಹಾಕೋ ಗ್ರಂಥಿ ಇದೆ. ಕೆಲವು ಜಾತಿ ಚರ್ಮದ ಮೂಲಕವೂ ಒಂದಿಷ್ಟು ಆಮ್ಲಜನಕ ಎಳ್ಕೊಳತ್ತೆ.

ನೆಂಟಸ್ತಿಕೆ ನೋಡಿದ್ರೆ ಕಡಲ ಹಾವುಗಳು ಎಲಾಪಿಡೇ ಅನ್ನೋ ಕುಟುಂಬಕ್ಕೆ ಸೇರಿದವು. ನಾಗರಹಾವು, ಕಟ್ಟು ಹಾವು, ಕಾಳಿಂಗ ಸರ್ಪ ಎಲ್ಲಾ ಇದೇ ಕುಟುಂಬ. ಆದ್ರೆ ನಮ್ಮ ನಾಗರ ಕಡಲಿಗೆ ಇಳಿದು ಕಡಲ ಹಾವು ಆಯ್ತು ಅಂತ ತಿಳ್ಕೋಬೇಡಿ. ಕಡಲ ಹಾವಿಗೆ ಹತ್ತಿರದ ನೆಂಟರು ಇರೋದು ಆಸ್ಟ್ರೇಲಿಯಾದ ನೆಲದ ಮೇಲೆ, ಅಲ್ಲಿನ ಟೈಗರ್ ಸ್ನೇಕ್ ಥರದವು. ನಾಗರ ದೂರದ ದಾಯಾದಿ ಅಷ್ಟೇ. ಆ ಆಸ್ಟ್ರೇಲಿಯಾದ ಗುಂಪಿನ ಹಾವುಗಳು ಮೊಟ್ಟೆ ಇಡದೆ ನೇರ ಮರಿ ಹಾಕ್ತವೆ. ಮೊಟ್ಟೆ ಇಡೋಕೆ ದಡಕ್ಕೆ ಬರೋ ಅಗತ್ಯ ಇಲ್ಲದ ಕಾರಣ ಪೂರ್ತಿ ಕಡಲಲ್ಲೇ ಸಂಸಾರ ಮಾಡೋದು ಸಾಧ್ಯ ಆಯ್ತು. ಇವತ್ತು ಹೀಗೆ ಮರಿ ಹಾಕೋ ಕಡಲ ಹಾವು ಜಗತ್ತಿನಲ್ಲಿ 60ಕ್ಕೂ ಹೆಚ್ಚು ಜಾತಿ ಇವೆ. ಭಾರತದ ಸಮುದ್ರದಲ್ಲೇ 20ಕ್ಕೂ ಹೆಚ್ಚು.

ಇನ್ನೊಂದು ಗುಂಪಿದೆ, ಲ್ಯಾಟಿಕಾಡ ಅಂತ. ಅವು ಮೊಟ್ಟೆ ಇಡೋಕೆ ದಡಕ್ಕೆ ಬರ್ತವೆ. ನಮ್ಮ ದೇಶದಲ್ಲಿ ಅವನ್ನ ನೋಡ್ಬೇಕು ಅಂದ್ರೆ ಅಂಡಮಾನ್ ಕಡೆ ಹೋಗ್ಬೇಕು.

ಹೆಸರಿಟ್ಟವರು ಯಾರು?

ವಿಜ್ಞಾನದ ಹೆಸರು ಕೇಳಿದ್ರೆ ನಾಲಿಗೆ ಹೊರಳಲ್ಲ ಅನ್ನೋರಿಗೆ ಒಂದು ಮಾತು. ಕೊಡಗಿನವರಿಗೆ ಇದು ಕಷ್ಟವೇ ಅಲ್ಲ. ಕೊಡವರಲ್ಲಿ ಮನೆತನದ ಹೆಸರು ಮೊದಲು ಬರತ್ತೆ, ವ್ಯಕ್ತಿ ಹೆಸರು ಆಮೇಲೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಕೊಡಂದೇರ, ಜನರಲ್ ತಿಮ್ಮಯ್ಯನೂ ಕೊಡಂದೇರ. ಮೊದಲ ಹೆಸರು ಕೇಳಿದ ಕೂಡ್ಲೇ ಇಬ್ಬರೂ ಒಂದೇ ಒಕ್ಕ ಅಂತ ಗೊತ್ತಾಗತ್ತೆ. ಇದೂ ಹಾಗೇ. ಹೈಡ್ರೋಫಿಸ್ ಅನ್ನೋದು ಒಕ್ಕದ ಹೆಸರು, ಶಿಸ್ಟೋಸಸ್ ಅನ್ನೋದು ಅದರ ಸ್ವಂತ ಹೆಸರು.

ಇನ್ನು ಇತಿಹಾಸ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯಲ್ಲಿ ಪ್ಯಾಟ್ರಿಕ್ ರಸೆಲ್ ಅಂತ ಒಬ್ಬ ಸ್ಕಾಟಿಷ್ ಡಾಕ್ಟರ್ ಇದ್ದ. ವಿಶಾಖಪಟ್ಟಣದಲ್ಲಿ ವಾಸ. ಕೋರಮಂಡಲ ತೀರದ ಹಾವುಗಳನ್ನ ಸಂಗ್ರಹಿಸಿ, ಚಿತ್ರ ಬರೆಸಿ, 1796ರಲ್ಲಿ ಪುಸ್ತಕ ಮಾಡಿದ. ಕೊಳಕು ಮಂಡಲಕ್ಕೆ ಇಂಗ್ಲಿಷ್‌ನಲ್ಲಿ ರಸೆಲ್ಸ್ ವೈಪರ್ ಅಂತಾರಲ್ಲ, ಆ ರಸೆಲ್ ಇವನೇ. ಅವನ ಸಂಗ್ರಹದಲ್ಲಿ ಕಡಲ ಹಾವುಗಳೂ ಇದ್ವು.

ನಮ್ಮ ಕೊಕ್ಕಿನ ಹಾವಿಗೆ ಶಿಸ್ಟೋಸಸ್ ಅಂತ ಹೆಸರಿಟ್ಟಿದ್ದು ಫ್ರಾನ್ಸಿನ ಡೋಡ್ಯಾ, 1803ರಲ್ಲಿ. ಗ್ರೀಕ್‌ನಲ್ಲಿ ಅದಕ್ಕೆ ಸೀಳಿದ್ದು ಅಂತ ಅರ್ಥ. ಈ ಹಾವಿನ ಕೆಳದವಡೆಯ ಮುಂದುಗಡೆ ಒಂದು ಸೀಳು ಇದೆ, ಅಲ್ಲಿರೋ ಹುರುಪೆ ಕಡ್ಡಿ ಹಾಗೆ ಉದ್ದ ಆಗಿ ಆ ಸಂದಿಯಲ್ಲಿ ಅಡಗಿ ಕೂತಿರತ್ತೆ. ಹೆಸರಿಟ್ಟ ಮಾದರಿ ಬಂದಿದ್ದು ತರಂಗಂಬಾಡಿಯಿಂದ. ಆಗ ಡೆನ್ಮಾರ್ಕ್‌ನವರ ಕೈಯಲ್ಲಿದ್ದ ಊರು, ಟ್ರಾಂಕ್ವೆಬಾರ್ ಅಂತ ಕರೀತಿದ್ರು. ಅದು ಇರೋದು ಎಲ್ಲಿ? ಪೂಂಪುಹಾರ್‌ನಿಂದ ಸ್ವಲ್ಪ ದಕ್ಷಿಣಕ್ಕೆ, ಕಾವೇರಿ ಮುಖಜಭೂಮಿಯ ಅಂಚಲ್ಲಿ. ಅಂದ್ರೆ ಕೊಡ್ಲಿಪೇಟೆ ಮಳೆ ನೀರು ಹೋಗಿ ಮುಟ್ಟೋ ತೀರದ ಹಾವಿಗೇ ಆ ಹೆಸರು.

ಈ ವಿವರ ನಾನು ಸುಮ್ನೆ ಹೇಳ್ತಾ ಇಲ್ಲ. ಜೀವಿಗಳಿಗೆ ಹೆಸರಿಡೋದ್ರಲ್ಲಿ ಒಂದು ನಿಯಮ ಇದೆ. ಮೊದಲು ಹೆಸರಿಟ್ಟಾಗ ಯಾವ ಊರಿನ ಮಾದರಿ ಇತ್ತೋ, ಆ ಹೆಸರು ಆ ಊರಿನ ಜೀವಿಗೇ ಅಂಟ್ಕೊಂಡಿರತ್ತೆ. ಮುಂದೆ ಯಾವಾಗಾದ್ರೂ ಒಂದು ಜಾತಿ ಎರಡು ಅಂತ ಗೊತ್ತಾದ್ರೆ, ಹಳೇ ಹೆಸರು ಆ ಊರಿನ ಕಡೆಯವರಿಗೆ ಉಳಿಯತ್ತೆ, ಇನ್ನೊಂದಕ್ಕೆ ಬೇರೆ ಹೆಸರು ಬೇಕು. ಮನೆ ಪಾಲಾದಾಗ ಮೂಲ ಮನೆಯ ಹೆಸರು ಯಾರಿಗೆ ಅನ್ನೋ ಪ್ರಶ್ನೆ ಇದ್ದ ಹಾಗೆ. ಇದು ಮುಂದೆ ಬೇಕಾಗತ್ತೆ, ನೆನಪಿಟ್ಕೊಳ್ಳಿ.

ಆಮೇಲೆ 1849ರಲ್ಲಿ ಬ್ರಿಟನ್ನಿನ ಗ್ರೇ ಅನ್ನೋ ಪ್ರಾಣಿವಿಜ್ಞಾನಿ, ಈ ಹಾವಿನ ದವಡೆ ಅಷ್ಟು ಬೇರೆ ಥರ ಇದೆ, ಇದಕ್ಕೆ ಬೇರೆ ಒಕ್ಕವೇ ಇರ್ಲಿ ಅಂತ ಎನ್‌ಹೈಡ್ರಿನ ಅನ್ನೋ ಹೆಸರು ಕೊಟ್ಟ. ಒಂದೂವರೆ ಶತಮಾನದಷ್ಟು ಕಾಲ ಪುಸ್ತಕಗಳಲ್ಲಿ ಎನ್‌ಹೈಡ್ರಿನ ಶಿಸ್ಟೋಸ ಅನ್ನೋದೇ ಓಡ್ತು. ಡಾಕ್ಟರ್‌ಗಳ ಹಳೇ ಪುಸ್ತಕದಲ್ಲಿ, ಔಷಧಿ ಡಬ್ಬಿ ಮೇಲೆ ಈ ಹೆಸರು ಕಂಡ್ರೆ ಬೇರೆ ಹಾವು ಅಂದ್ಕೋಬೇಡಿ. ಅದೇ ಇದು.

2013: ಒಂದು ಖಾತೆ, ಎರಡು ಪಾರ್ಟಿ

ನಾನು ಓದಿದ್ದು ಬಿಕಾಂ, ಹಾಗಾಗಿ ಲೆಕ್ಕದ ಭಾಷೆಯಲ್ಲಿ ಹೇಳ್ತೀನಿ. ಒಂದೇ ಹೆಸರಿನ ಇಬ್ಬರು ಗಿರಾಕಿಗಳು ಇದ್ದಾರೆ, ಅಂಗಡಿಯವನು ಇಬ್ಬರ ವ್ಯವಹಾರವನ್ನೂ ಒಂದೇ ಖಾತೆಯಲ್ಲಿ ಬರೀತಾ ಹೋಗ್ತಾನೆ ಅಂದ್ಕೊಳ್ಳಿ. ಖಾತೆಯ ಮೊತ್ತ ಸರಿಯಾಗೇ ಬರತ್ತೆ. ಆದ್ರೆ ಯಾರು ಎಷ್ಟು ಬಾಕಿ ಅಂತ ಕೇಳಿದ್ರೆ ಹೇಳೋಕೆ ಆಗಲ್ಲ. ಕೊಕ್ಕಿನ ಹಾವಿನ ವಿಷಯದಲ್ಲಿ ಆಗಿದ್ದು ಇದೇ.

ಹಳೇ ಮ್ಯಾಪ್‌ನಲ್ಲಿ ಈ ಹಾವಿನ ವಿಳಾಸ ತುಂಬಾ ಉದ್ದ. ಪರ್ಷಿಯನ್ ಕೊಲ್ಲಿ, ಪಾಕಿಸ್ತಾನ, ಭಾರತದ ಎರಡೂ ತೀರ, ಶ್ರೀಲಂಕಾ, ಬಾಂಗ್ಲಾದೇಶ, ಮ್ಯಾನ್ಮಾರ್, ಥಾಯ್ಲೆಂಡ್, ಮಲೇಷ್ಯಾ, ವಿಯೆಟ್ನಾಂ, ಅಲ್ಲಿಂದ ನ್ಯೂಗಿನಿ, ಉತ್ತರ ಆಸ್ಟ್ರೇಲಿಯಾ. ಎಲ್ಲಾ ಕಡೆ ಅದೇ ಬಾಗಿದ ಮೂಗು, ಅದೇ ಸೀಳು ದವಡೆ. 1985ರಲ್ಲಿ ರಷ್ಯಾದ ಖಾರಿನ್, ನ್ಯೂಗಿನಿ ಕಡೆಯದು ಬೇರೆ ಜಾತಿ ಅಂತ ಹೇಳಿ ಜ್ವೈಫೆಲೈ ಅಂತ ಹೆಸರೂ ಇಟ್ಟ. ರಿಚರ್ಡ್ ಜ್ವೈಫೆಲ್ ಅನ್ನೋ ಅಮೆರಿಕದ ಉರಗತಜ್ಞರ ನೆನಪಿಗೆ. ಆದ್ರೆ ಹೆಚ್ಚಿನವರು ಅದನ್ನ ಒಪ್ಪಲಿಲ್ಲ. ನೋಡೋಕೆ ಅಷ್ಟು ಒಂದೇ ಥರ ಇದ್ವು.

2013ರಲ್ಲಿ ಶ್ರೀಲಂಕಾದ ಕನಿಷ್ಕ ಉಕುವೆಲ, ಆಸ್ಟ್ರೇಲಿಯಾದ ಕೇಟ್ ಸ್ಯಾಂಡರ್ಸ್ ಮತ್ತು ಜೊತೆಗಾರರು ಎರಡೂ ಕಡೆಯ ಹಾವುಗಳ ಡಿಎನ್ಎ ತೆಗೆದು ಹೋಲಿಸಿದ್ರು. ಏಷ್ಯಾದ ಕೊಕ್ಕಿನ ಹಾವು ಬೇರೆ, ಆಸ್ಟ್ರೇಲಿಯಾ-ನ್ಯೂಗಿನಿ ಕಡೆಯದು ಬೇರೆ. ಅಷ್ಟೇ ಆಗಿದ್ರೆ ಅಣ್ಣ ತಮ್ಮ ಬೇರೆ ಮನೆ ಮಾಡಿದ್ರು ಅನ್ನಬಹುದಿತ್ತು. ಆದ್ರೆ ಇವು ಅಣ್ಣ ತಮ್ಮನೂ ಅಲ್ಲ! ಎರಡಕ್ಕೂ ಹತ್ತಿರದ ನೆಂಟರು ಬೇರೆ ಬೇರೆ ಕಡಲ ಹಾವುಗಳು, ಆ ನೆಂಟರಿಗೆ ಈ ಥರ ಕೊಕ್ಕೇ ಇಲ್ಲ.

ಹಾಗಾದ್ರೆ ಮುಖ ಒಂದೇ ಥರ ಆಗಿದ್ದು ಹೇಗೆ? ಕೆಲಸ ಒಂದೇ ಆದ್ದರಿಂದ. ಏಷ್ಯಾದ ಕೊಕ್ಕಿನ ಹಾವಿನ ಮುಖ್ಯ ಊಟ ಮೀಸೆ ಇರೋ ಕಡಲ ಮೀನು, ಅದೇ ಕ್ಯಾಟ್‌ಫಿಶ್. ಕರಾವಳಿ ಕಡೆ ತೇಡೆ ಅಂತಾರೆ. ಆ ಮೀನಿನ ಬೆನ್ನಲ್ಲಿ, ಪಕ್ಕದಲ್ಲಿ ಗಟ್ಟಿ ಮುಳ್ಳು. ನುಂಗುವಾಗ ಕೆಲವು ಸಲ ಆ ಮುಳ್ಳು ಹಾವಿನ ಮೈ ಸೀಳಿ ಹೊರಗೇ ಬರತ್ತೆ. ಇಂಥ ದಪ್ಪ ತಲೆಯ ಮೀನನ್ನ ನುಂಗೋಕೆ ಬಾಯಿ ತುಂಬಾ ಅಗಲ ತೆರೀಬೇಕು. ಕೆಳದವಡೆಯ ಸೀಳು ಇರೋದೇ ಅದಕ್ಕೆ, ಎರಡು ಪಕ್ಕವೂ ಹಿಗ್ಗೋಕೆ ಜಾಗ ಕೊಡತ್ತೆ. ಇಲ್ಲೂ ಅಲ್ಲೂ ಕೆಸರು ನೀರು, ಇಲ್ಲೂ ಅಲ್ಲೂ ಅದೇ ಬಗೆಯ ಬೇಟೆ, ಹಾಗಾಗಿ ಎರಡು ಬೇರೆ ವಂಶಗಳು ತಮ್ಮ ಪಾಡಿಗೆ ಒಂದೇ ಥರದ ಹತ್ಯಾರು ಮಾಡ್ಕೊಂಡಿವೆ. ಕೊಡಗಿನ ಕತ್ತಿ, ಕೇರಳದ ಕತ್ತಿ ಬೇರೆ ಬೇರೆ ಕಮ್ಮಾರರು ಮಾಡಿದ್ರೂ ಕಾಡು ಕಡಿಯೋ ಕೆಲಸಕ್ಕೆ ಎರಡೂ ಬಾಗಿರಲ್ವಾ, ಹಾಗೆ.

ಈಗ ಆ ಊರಿನ ನಿಯಮ ನೆನಪು ಮಾಡ್ಕೊಳ್ಳಿ. ಮೂಲ ಹೆಸರು ತರಂಗಂಬಾಡಿ ಕಡೆಯದಕ್ಕೆ. ಹಾಗಾಗಿ ಶಿಸ್ಟೋಸಸ್ ಅನ್ನೋ ಹೆಸರು ನಮ್ಮ ಏಷ್ಯಾದ ಹಾವಿಗೆ ಉಳಿಯಿತು. ಆಸ್ಟ್ರೇಲಿಯಾ ಕಡೆಯದಕ್ಕೆ 1985ರಲ್ಲಿ ಇಟ್ಟು ಮೂಲೆಗೆ ಹಾಕಿದ್ದ ಜ್ವೈಫೆಲೈ ಅನ್ನೋ ಹೆಸರಿಗೆ ಜೀವ ಬಂತು.

ಒಕ್ಕದ ಹೆಸರೂ ಅದೇ ಸುಮಾರಿಗೆ ಬದಲಾಯ್ತು. ಕಡಲ ಹಾವುಗಳಲ್ಲಿ ತಲೆ ಸಣ್ಣದು, ಮೈ ದಪ್ಪದು, ಕೊಕ್ಕಿನದು ಅಂತ ಒಂದೊಂದಕ್ಕೂ ಒಂದೊಂದು ಒಕ್ಕ ಮಾಡಿದ್ರು. ಡಿಎನ್ಎ ನೋಡಿದ್ರೆ ಅವೆಲ್ಲಾ ತೀರಾ ಇತ್ತೀಚೆಗೆ, ಕೆಲವೇ ದಶಲಕ್ಷ ವರ್ಷದಲ್ಲಿ ಕವಲೊಡೆದ ಒಂದೇ ಕುಟುಂಬ. ಹಾಗಾಗಿ ಎಲ್ಲವನ್ನೂ ಹೈಡ್ರೋಫಿಸ್ ಒಳಗೆ ಸೇರಿಸಿದ್ರು. ಈಗ ಆ ಒಂದೇ ಒಕ್ಕದಲ್ಲಿ ಸುಮಾರು 50 ಜಾತಿ ಇವೆ. ಡೋಡ್ಯಾ 1803ರಲ್ಲಿ ಇಟ್ಟ ಹೆಸರಿಗೇ ತಿರುಗಿ ಬಂದ ಹಾಗಾಯ್ತು.

ಮ್ಯಾಪ್ ಏನು ಹೇಳತ್ತೆ?

ಕೊಕ್ಕಿನ ಹಾವಿನ ಹೊಸ ವಿಳಾಸ ಹೀಗೆ: ಪಶ್ಚಿಮಕ್ಕೆ ಪರ್ಷಿಯನ್ ಕೊಲ್ಲಿ, ಪೂರ್ವಕ್ಕೆ ವಿಯೆಟ್ನಾಂ, ಇಂಡೋನೇಷ್ಯಾ ಕಡೆ. ಈ ಇಡೀ ಉದ್ದದಲ್ಲಿ ಅದು ಇರೋದು ದಡದ ಹತ್ತಿರದ ಆಳ ಕಡಿಮೆ ಇರೋ ನೀರಲ್ಲಿ, ಅಳಿವೆಗಳಲ್ಲಿ, ಕಾಂಡ್ಲಾ ಕಾಡಿನ ಅಂಚಲ್ಲಿ. ನಡು ಸಮುದ್ರದ ಹಾವಲ್ಲ. ಮನುಷ್ಯರು ಬಲೆ ಬೀಸೋ ಜಾಗವೂ ಅದೇ ಆಗಿರೋದ್ರಿಂದ ಇವರಿಬ್ಬರೂ ದಿನಾ ಎದುರುಬದುರು.

ನಮ್ಮ ಪಶ್ಚಿಮ ತೀರದಲ್ಲಿ ಇದರ ಜೊತೆ ಬಲೆಗೆ ಸಿಗೋ ಇನ್ನೊಂದು ಹಾವು ಹೈಡ್ರೋಫಿಸ್ ಕರ್ಟಸ್. ಗಿಡ್ಡ, ದಪ್ಪ ಮೈ, ಹೊಟ್ಟೆ ಕಡೆ ಹುರುಪೆ ಮುಳ್ಳು ಮುಳ್ಳಾಗಿರತ್ತೆ. ಇದರ ವಂಶವನ್ನೂ 2014ರಲ್ಲಿ ಪರೀಕ್ಷೆ ಮಾಡಿದ್ರು. ಹಿಂದೂ ಮಹಾಸಾಗರದ ಕರ್ಟಸ್ ಒಂದು ಕವಲು, ಆಗ್ನೇಯ ಏಷ್ಯಾ-ಆಸ್ಟ್ರೇಲಿಯಾ ಕಡೆಯದು ಇನ್ನೊಂದು. ಹಿಮಯುಗಗಳಲ್ಲಿ ಸಮುದ್ರದ ಮಟ್ಟ ನೂರು ಮೀಟರ್‌ಗೂ ಹೆಚ್ಚು ಇಳಿದಾಗ ಸುಮಾತ್ರಾ, ಜಾವಾ, ಬೋರ್ನಿಯೊ ಎಲ್ಲಾ ಮಲಯಾ ನೆಲಕ್ಕೆ ಸೇರ್ಕೊಂಡು ಎರಡು ಕಡಲಿನ ನಡುವೆ ಗೋಡೆ ಎದ್ದಿತ್ತು. ಆ ಗೋಡೆಯ ಆಚೆ ಈಚೆ ಉಳಿದವು ಬೇರೆ ಬೇರೆ ದಾರಿ ಹಿಡಿದ್ವು.

ಇವೆರಡಕ್ಕೂ ಪೂರ್ತಿ ಉಲ್ಟಾ ಹಾವು ಹೈಡ್ರೋಫಿಸ್ ಪ್ಲಾಟುರಸ್. ಬೆನ್ನು ಕಪ್ಪು, ಹೊಟ್ಟೆ ಹಳದಿ. 1766ರಲ್ಲೇ ಲಿನ್ನೇಯಸ್ ಇದಕ್ಕೆ ಹೆಸರಿಟ್ಟ. ಇದು ದಡದ ಹಾವಲ್ಲ, ತೇಲಿಕೊಂಡು ಹೋಗೋ ನಡು ಸಮುದ್ರದ ಹಾವು. ಆಫ್ರಿಕಾದ ಪೂರ್ವ ತೀರದಿಂದ ಅಮೆರಿಕ ಖಂಡದ ಪಶ್ಚಿಮ ತೀರದವರೆಗೂ ಇದೆ. ಇಷ್ಟು ದೂರ ಹರಡಿರೋ ಕಡಲ ಹಾವು ಇನ್ನೊಂದಿಲ್ಲ.

ಇಷ್ಟು ಹರಡಿದ್ರೂ ಅಟ್ಲಾಂಟಿಕ್ ಸಾಗರದಲ್ಲಿ ಒಂದೂ ಕಡಲ ಹಾವು ನೆಲೆ ನಿಂತಿಲ್ಲ. ಕಾರಣ ಎರಡು ಬಾಗಿಲೂ ಮುಚ್ಚಿರೋದು. ಆಫ್ರಿಕಾದ ತುದಿ ಸುತ್ತಿ ಹೋಗೋಣ ಅಂದ್ರೆ ಅಲ್ಲಿ ಬೆಂಗ್ವೇಲಾ ಅನ್ನೋ ತಣ್ಣನೆಯ ಪ್ರವಾಹ, ಹಾವಿಗೆ ತಡೆಯಲ್ಲ. ಅಮೆರಿಕದ ಕಡೆಯಿಂದ ಹೋಗೋಣ ಅಂದ್ರೆ ಪನಾಮಾದ ನೆಲ ಸುಮಾರು 30 ಲಕ್ಷ ವರ್ಷದ ಹಿಂದೆಯೇ ಅಡ್ಡ ಎದ್ದಿತ್ತು. ಹಾವು ಅಲ್ಲಿಗೆ ತಲುಪೋ ಹೊತ್ತಿಗೆ ಗೇಟು ಹಾಕಿಯಾಗಿತ್ತು.

ಮ್ಯಾಪಿಗೆ ಇನ್ನೊಂದು ಗೆರೆ ಹಾಕೋದು ಮಳೆ. ಕಡಲ ಹಾವು ಉಪ್ಪು ನೀರು ಕುಡಿದು ಬದುಕತ್ತೆ, ಉಪ್ಪನ್ನ ಗ್ರಂಥಿ ಹೊರಹಾಕತ್ತೆ ಅಂತ ತುಂಬಾ ದಿನ ಅಂದ್ಕೊಂಡಿದ್ರು. ಹಾರ್ವಿ ಲಿಲ್ಲಿವೈಟ್ ಅನ್ನೋ ಅಮೆರಿಕದ ವಿಜ್ಞಾನಿ ಮತ್ತು ಅವರ ತಂಡ ಕೋಸ್ಟರಿಕಾ ಕಡೆ ಪ್ಲಾಟುರಸ್ ಹಾವುಗಳನ್ನ ಹಿಡಿದು ನೋಡಿದ್ರು. ಬೇಸಿಗೆಯಲ್ಲಿ ಅವುಗಳ ಮೈ ಒಣಗಿರತ್ತೆ, ಬಾಯಾರಿರ್ತವೆ. ಸಿಹಿ ನೀರು ಕೊಟ್ರೆ ಕುಡೀತವೆ, ಕಡಲ ನೀರು ಮುಟ್ಟಲ್ಲ. ಜೋರು ಮಳೆ ಬಂದಾಗ ಸಮುದ್ರದ ಮೇಲೆ ಸ್ವಲ್ಪ ಹೊತ್ತು ಸಿಹಿ ನೀರಿನ ತೆಳು ಪದರ ನಿಲ್ಲತ್ತೆ, ಅದನ್ನ ಕುಡಿದು ಬದುಕ್ತವೆ. ಕಡಲ ಮಧ್ಯೆ ಇದ್ಕೊಂಡು ಮಳೆಗೆ ಕಾಯೋ ಜೀವ! ಏಪ್ರಿಲ್‌ನಲ್ಲಿ ಕಾಫಿ ಹೂವಿನ ಮಳೆಗೆ ಆಕಾಶ ನೋಡ್ತಾ ಕೂರೋ ನಮಗೆ ಇದು ಬೇರೆ ಯಾರಿಗಿಂತ ಚೆನ್ನಾಗಿ ಅರ್ಥ ಆಗತ್ತೆ.

ನಮ್ಮ ಕಾಡಿನಲ್ಲೂ ಇದೇ ಆಯ್ತು

ಇದು ಬರೀ ಕಡಲ ಕಥೆ ಅಲ್ಲ. ನಮ್ಮ ಕೊಡಗಿನ ಕಾಡಲ್ಲಿ, ತೋಟದಲ್ಲಿ ಇರೋ ಕಾಳಿಂಗ ಸರ್ಪಕ್ಕೂ 2024ರಲ್ಲಿ ಹೊಸ ಹೆಸರು ಬಂತು. ಅಲ್ಲಿವರೆಗೂ ಪಶ್ಚಿಮ ಘಟ್ಟದಿಂದ ಫಿಲಿಪ್ಪೀನ್ಸ್‌ವರೆಗೂ ಎಲ್ಲಾ ಕಾಳಿಂಗವೂ ಒಂದೇ ಜಾತಿ, ಓಫಿಯೋಫೇಗಸ್ ಹನ್ನಾ. ಗೌರಿಶಂಕರ್ ಮತ್ತು ಜೊತೆಗಾರರ ಅಧ್ಯಯನದ ಮೇಲೆ ಅದು ನಾಲ್ಕು ಜಾತಿ ಆಯ್ತು. ನಮ್ಮ ಪಶ್ಚಿಮ ಘಟ್ಟದ್ದಕ್ಕೆ ಓಫಿಯೋಫೇಗಸ್ ಕಾಳಿಂಗ ಅಂತ ಕನ್ನಡದ ಹೆಸರೇ ಇಟ್ರು.

ಖುಷಿ ವಿಷಯ. ಆದ್ರೆ ಖುಷಿ ಪಟ್ಟು ಅಲ್ಲೇ ನಿಲ್ಲೋ ಹಾಗಿಲ್ಲ. ಜಗತ್ತಿನ ದೊಡ್ಡ ಭಾಗದಲ್ಲಿ ಹರಡಿರೋ ಒಂದು ಹಾವು ಅಂತ ಇದ್ದಾಗ ಒಂದು ಕಡೆ ಕಡಿಮೆಯಾದ್ರೂ ಇನ್ನೊಂದು ಕಡೆ ಇದೆಯಲ್ಲ ಅನ್ನಬಹುದಿತ್ತು. ಈಗ ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲದ ಹಾವು ಅಂದ ಮೇಲೆ ಪೂರ್ತಿ ಜವಾಬ್ದಾರಿ ಘಟ್ಟದ ಮೇಲೆ, ಅಂದ್ರೆ ನಮ್ಮ ಮೇಲೆ. ಜೊತೆಗೆ ಥಾಯ್ಲೆಂಡ್‌ನಲ್ಲಿ ಅಲ್ಲಿನ ಕಾಳಿಂಗದ ವಿಷದಿಂದ ಪ್ರತಿವಿಷ ತಯಾರಾಗತ್ತೆ. ಅದು ನಮ್ಮ ಕಾಳಿಂಗದ ವಿಷಕ್ಕೆ ಎಷ್ಟು ಹೊಂದತ್ತೆ ಅನ್ನೋ ಪ್ರಶ್ನೆಯನ್ನ ಈಗ ಎರಡು ಬೇರೆ ಜಾತಿಯ ಪ್ರಶ್ನೆ ಅಂತ ಕೇಳ್ಬೇಕು. ಖಾತೆ ಬೇರೆಯಾದಾಗ ಬಾಕಿ ಲೆಕ್ಕವೂ ಬೇರೆಯಾಗತ್ತೆ.

ಔಷಧಿಯ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮ ಆಸ್ಪತ್ರೆಗಳಲ್ಲಿ ಹಾವು ಕಚ್ಚಿದ್ರೆ ಕೊಡೋ ಪ್ರತಿವಿಷ ನಾಲ್ಕು ಹಾವುಗಳ ವಿಷದಿಂದ ತಯಾರಾಗತ್ತೆ. ನಾಗರಹಾವು, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ. ನಾಲ್ಕೂ ನೆಲದ ಹಾವು. ಕಾಳಿಂಗ ಅದರಲ್ಲಿಲ್ಲ. ಕಡಲ ಹಾವೂ ಇಲ್ಲ.

ಕಡಲ ಹಾವಿಗೆ ಅಂತಲೇ ಇರೋ ಪ್ರತಿವಿಷ ತಯಾರಾಗೋದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ. ತಮಾಷೆ ನೋಡಿ, ಅದನ್ನ ತಯಾರಿಸೋಕೆ ಬಳಸೋದು ಮಲೇಷ್ಯಾ ಕಡೆಯ ಕೊಕ್ಕಿನ ಹಾವಿನ ವಿಷ. ಅಂದ್ರೆ ನಮ್ಮ ಶಿಸ್ಟೋಸಸ್. ಆಸ್ಟ್ರೇಲಿಯಾದವರು ತಮ್ಮ ಕಡಲಿನಲ್ಲೂ ಅದೇ ಹಾವಿದೆ ಅಂತ ನಂಬಿದ್ರು, 2013ರಲ್ಲಿ ಅವರದ್ದು ಬೇರೆ ಅಂತ ಆಯ್ತು. ಸಮಾಧಾನದ ಸಂಗತಿ ಏನಂದ್ರೆ ಕಡಲ ಹಾವುಗಳ ವಿಷದ ರಚನೆ ಸರಳ, ಜಾತಿಯಿಂದ ಜಾತಿಗೆ ಹೋಲಿಕೆ ಜಾಸ್ತಿ. ಹಾಗಾಗಿ ಈ ಪ್ರತಿವಿಷ ಬೇರೆ ಹಲವು ಕಡಲ ಹಾವುಗಳ ವಿಷಕ್ಕೂ ಕೆಲಸ ಮಾಡತ್ತೆ. ಬೇಸರದ ಸಂಗತಿ ಏನಂದ್ರೆ ನಮ್ಮ ಹಾವಿನ ವಿಷದಿಂದಲೇ ಆದ ಔಷಧಿ ನಮ್ಮ ಕರಾವಳಿ ಆಸ್ಪತ್ರೆಯ ಫ್ರಿಜ್‌ನಲ್ಲಿ ಸಾಮಾನ್ಯವಾಗಿ ಇರಲ್ಲ.

ಕಚ್ಚಿದ್ರೆ ಏನಾಗತ್ತೆ? ಇದನ್ನ ಚೆನ್ನಾಗಿ ತಿಳಿಸಿದ್ದು ಅಲಿಸ್ಟೇರ್ ರೀಡ್ ಅನ್ನೋ ಡಾಕ್ಟರ್, 1950-60ರ ದಶಕದಲ್ಲಿ ಮಲೇಷ್ಯಾದ ಪೆನಾಂಗ್‌ನಲ್ಲಿ. ಬೆಸ್ತರು ಕಚ್ಚಿಸಿಕೊಂಡು ಬರ್ತಿದ್ರು, ಅವರನ್ನ ನೋಡಿ ನೋಡಿ ದಾಖಲೆ ಮಾಡಿದ್ರು. ಕಚ್ಚಿಸಿಕೊಂಡ ಹೆಚ್ಚಿನವರಿಗೆ ವಿಷವೇ ಏರಿರಲಿಲ್ಲ. ಕಡಲ ಹಾವು ಕಚ್ಚಿದ್ರೂ ಎಷ್ಟೋ ಸಲ ವಿಷ ಬಿಡಲ್ಲ. ಆದ್ರೆ ವಿಷ ಏರಿದವರಲ್ಲಿ, ಸತ್ತವರಲ್ಲಿ ಕೊಕ್ಕಿನ ಹಾವಿನ ಪಾಲು ದೊಡ್ಡದು.

ಮೋಸ ಎಲ್ಲಿದೆ ಅಂದ್ರೆ, ಕಚ್ಚಿದ ಜಾಗದಲ್ಲಿ ಊತ ಇರಲ್ಲ, ಉರಿ ಇರಲ್ಲ. ಮುಳ್ಳು ಚುಚ್ಚಿದ ಹಾಗೆ ಅಷ್ಟೇ. ಮೀನಿನ ಮುಳ್ಳು ಅಂದ್ಕೊಂಡು ಕೆಲಸ ಮುಂದುವರಿಸ್ತಾರೆ. ಅರ್ಧ ಗಂಟೆಯಿಂದ ಕೆಲವು ಗಂಟೆ ಒಳಗೆ ಮೈ ಕೈ ನೋವು, ಸ್ನಾಯು ಬಿಗಿತ, ದವಡೆ ಹಿಡ್ಕೊಳ್ಳೋದು, ರೆಪ್ಪೆ ಬೀಳೋದು. ಆಮೇಲೆ ಮೂತ್ರ ಕಂದು ಬಣ್ಣಕ್ಕೆ ತಿರುಗತ್ತೆ. ವಿಷ ಸ್ನಾಯುಗಳನ್ನ ಒಡೆದು, ಆ ಚೂರುಗಳು ಕಿಡ್ನಿಗೆ ಬಂದು ಸೇರಿದ ಗುರುತು ಅದು. ಕಿಡ್ನಿ ನಿಲ್ಲಬಹುದು, ಉಸಿರಾಟ ನಿಲ್ಲಬಹುದು.

ಹಾಗಾಗಿ ಮಾಡ್ಬೇಕಾದ್ದು ಇಷ್ಟು. ಕಚ್ಚಿದ ಕೈ ಅಥವಾ ಕಾಲನ್ನ ಅಲುಗಾಡಿಸದೆ ಹಲಗೆ ಕಟ್ಟಿ ಇಡಿ. ಕೊಯ್ಯೋದು, ಚೀಪೋದು, ಹಗ್ಗ ಬಿಗಿಯೋದು ಬೇಡ. ವೆಂಟಿಲೇಟರ್ ಮತ್ತು ಡಯಾಲಿಸಿಸ್ ಇರೋ ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗಿ, 108ಕ್ಕೆ ಫೋನ್ ಮಾಡಿ. ಡಾಕ್ಟರ್‌ಗೆ ಕಡಲಲ್ಲಿ ಕಚ್ಚಿದ್ದು, ಬಾಲ ಚಪ್ಪಟೆ ಇತ್ತು ಅಂತ ಸ್ಪಷ್ಟವಾಗಿ ಹೇಳಿ. ಪ್ರತಿವಿಷ ಸಿಗದೇ ಇದ್ರೂ, ಉಸಿರಾಟ ಮತ್ತು ಕಿಡ್ನಿಯನ್ನ ಸರಿಯಾದ ಹೊತ್ತಿಗೆ ನೋಡ್ಕೊಂಡ್ರೆ ಜೀವ ಉಳಿಯತ್ತೆ. ಮಂಗಳೂರು, ಉಡುಪಿ ಕಡೆ ಅಂಥ ಆಸ್ಪತ್ರೆಗಳು ಹತ್ತಿರದಲ್ಲೇ ಇವೆ. ಹೊತ್ತು ಕಳೆಯೋದು ಬೋಟ್‌ನಲ್ಲಿ, ಏನೂ ಆಗಿಲ್ಲ ಅನ್ನೋ ಧೈರ್ಯದಲ್ಲಿ.

ಬಲೆಯಲ್ಲಿ ಕಂಡ ಬದಲಾವಣೆ

ಬೆಂಗಳೂರಿನ ದಕ್ಷಿಣ್ ಫೌಂಡೇಶನ್‌ನ ಸಂಶೋಧಕರು ಗೋವಾದ ಪಕ್ಕದ ಸಿಂಧುದುರ್ಗ ಜಿಲ್ಲೆಯ ಮಾಲ್ವಣದಲ್ಲಿ ಮೀನುಗಾರರ ಜೊತೆ ಬೋಟ್ ಹತ್ತಿ, ಬಲೆಗೆ ಬಿದ್ದ ಕಡಲ ಹಾವುಗಳನ್ನ ಎಣಿಸಿದ್ದಾರೆ. 2000ದ ದಶಕದ ಆರಂಭದಲ್ಲಿ ಅಲ್ಲಿನ ಬಲೆಯಲ್ಲಿ ಜಾಸ್ತಿ ಸಿಗ್ತಿದ್ದು ಕರ್ಟಸ್. ಸುಮಾರು ಹದಿನೈದು ವರ್ಷದ ನಂತರ ಎಣಿಸಿದಾಗ ಉಲ್ಟಾ ಆಗಿತ್ತು, ಕೊಕ್ಕಿನ ಹಾವು ಮೇಲುಗೈ. ಮೀನುಗಾರಿಕೆಯ ಒತ್ತಡವೇ ಈ ಬದಲಾವಣೆಗೆ ಕಾರಣ ಅಂತ ಅವರು ವಿವರಿಸಿದ್ದಾರೆ. ಎರಡು ಹಾವನ್ನ ಬೇರೆ ಬೇರೆಯಾಗಿ ಗುರುತಿಸದೆ ಬರೀ ಹಾವು ಬಿತ್ತು ಅಂತ ಬರೆದಿದ್ದಿದ್ರೆ ಈ ಬದಲಾವಣೆ ಯಾರ ಕಣ್ಣಿಗೂ ಬೀಳ್ತಿರಲಿಲ್ಲ. ಬಲೆ ಎಳೆಯೋನಿಗೂ ಇದರ ಅರ್ಥ ಇದೆ: ಕೈಗೆ ಸಿಗೋ ಹಾವು ಮೊದಲಿಗಿಂತ ಹೆಚ್ಚು ಅಪಾಯದ್ದು.

ಹಾವಿಗೂ ಕಷ್ಟ ಇದೆ. ಗಾಳಿಗೆ ಮೇಲೆ ಬರಲೇಬೇಕಾದ ಜೀವ, ಟ್ರಾಲ್ ಬಲೆಯಲ್ಲಿ ಹೊತ್ತು ಸಿಕ್ಕಿಕೊಂಡ್ರೆ ಮುಳುಗಿ ಸಾಯತ್ತೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ, ಮೀನಿನ ಸಂತತಿಗೆ ಅಂತ. ಆ 61 ದಿನ ಹಾವಿಗೂ ಉಸಿರಾಡೋಕೆ ಬಿಡುವು. ಜೀವಂತ ಸಿಕ್ಕಿದ್ದನ್ನ ಬರಿಗೈಯಲ್ಲಿ ಮುಟ್ಟದೆ, ಉದ್ದ ಕೋಲು ಅಥವಾ ಕೊಕ್ಕೆಯಲ್ಲಿ ಎತ್ತಿ ನೀರಿಗೆ ಬಿಟ್ರೆ ಇಬ್ಬರಿಗೂ ಕ್ಷೇಮ. 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇವುಗಳಿಗೂ ಇದೆ.

ಇನ್ನು ಮಳೆಗಾಲದಲ್ಲಿ ಪಣಂಬೂರೋ, ಮಲ್ಪೆಯೋ, ಮುರ್ಡೇಶ್ವರವೋ ಅಂತ ಟ್ರಿಪ್ ಹೋಗೋ ನಮ್ಮ ಘಟ್ಟದ ಮೇಲಿನ ಹುಡುಗರಿಗೆ. ಅಲೆ ಜೋರಿದ್ದಾಗ ಕಡಲ ಹಾವು ದಡಕ್ಕೆ ಬಂದು ಬೀಳೋದುಂಟು. ಮರಳಲ್ಲಿ ಅದಕ್ಕೆ ಸರಿಯಾಗಿ ತೆವಳೋಕೆ ಬರಲ್ಲ, ಸತ್ತ ಹಾಗೆ ಬಿದ್ದಿರತ್ತೆ. ಕೈಯಲ್ಲಿ ಹಿಡಿದು ರೀಲ್ಸ್ ಮಾಡೋಕೆ ಹೋಗಬೇಡಿ. ದೂರ ನಿಂತು ಬಾಲದ್ದು, ತಲೆಯದ್ದು ಫೋಟೊ ತೆಗೀರಿ. ಲೈಫ್‌ಗಾರ್ಡ್‌ಗೋ, ಅರಣ್ಯ ಇಲಾಖೆಗೋ ಹೇಳಿ. ಜಾಗ, ತಾರೀಕು ಸಮೇತ ಇರೋ ಒಂದು ಫೋಟೊ ಆ ಹಾವಿನ ಮ್ಯಾಪ್‌ನಲ್ಲಿ ಒಂದು ಚುಕ್ಕಿ. ಎರಡು ಶತಮಾನ ತಪ್ಪಾಗಿದ್ದ ಮ್ಯಾಪು ಸರಿಯಾಗಿದ್ದು ಇಂಥ ಚುಕ್ಕಿಗಳನ್ನ ಒಂದೊಂದಾಗಿ ಪರೀಕ್ಷೆ ಮಾಡಿದ್ರಿಂದ.

ಮನೆಯಲ್ಲಿ ಯಾರಾದ್ರೂ ಬೋಟ್ ಕೆಲಸಕ್ಕೆ, ಧಕ್ಕೆ ಕೆಲಸಕ್ಕೆ ಹೋಗೋರಿದ್ರೆ, ಈ ಎಪಿಸೋಡ್‌ನ ಔಷಧಿ ಭಾಗ ಅವರಿಗೆ ಕಳಿಸಿ. ನೋವಿಲ್ಲ ಅಂದ ಮಾತ್ರಕ್ಕೆ ವಿಷ ಇಲ್ಲ ಅಂತಲ್ಲ, ಮೂತ್ರದ ಬಣ್ಣ ನೋಡ್ಕೊಳ್ಳಿ, ಬಾಲ ಚಪ್ಪಟೆ ಇತ್ತು ಅಂತ ಡಾಕ್ಟರ್‌ಗೆ ಹೇಳಿ. ಈ ಮೂರು ಮಾತು ನೆನಪಿದ್ರೆ ಸಾಕು.

ಮುಂದಿನ ವಾರ ಸಿಗೋಣ. ನಮಸ್ಕಾರ.